ಟೊರೆಸ್ ಅವರ ಅಳತೆಗಳು ಎಲ್ಲರ ಕೈಯಲ್ಲಿರುವಾಗ ಅವರ ಗಿಟಾರ್ ಮಾತ್ರ ಏಕೆ ಮತ್ತೆ ಹುಟ್ಟುವುದಿಲ್ಲ?

ಆರುತಂತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಏಳು ವರ್ಷಗಳಿಂದ ಬೆಂಗಳೂರಿನಲ್ಲಿ ಕ್ಲಾಸಿಕಲ್ ಗಿಟಾರ್ ಕಲಿಯುತ್ತಿದ್ದೇನೆ. ನನ್ನ ಗುರುಗಳ ಬಳಿ ಸ್ಪೇನಿನಲ್ಲಿ ಒಬ್ಬರೇ ಕುಳಿತು ಕೈಯಿಂದ ಕಟ್ಟಿದ ಗಿಟಾರ್ ಒಂದಿದೆ. ಈ ಮಾರ್ಚಿನ ಒಣಹವೆಗೆ ಅದರ ಮೇಲ್ಹಲಗೆಯು ತಂತಿಗಳನ್ನು ಕಟ್ಟುವ ಬ್ರಿಡ್ಜಿನ ಹಿಂದಿನಿಂದ ಕೆಳತುದಿಯವರೆಗೆ ಕೂದಲೆಳೆಯಷ್ಟು ಸೀಳಿತು. ಸೀಳು ಒಳಗಿನವರೆಗೂ ಹೋಗಿದೆಯೇ ಎಂದು ನೋಡಲು ಗುರುಗಳು ತಂತಿಗಳನ್ನು ಸಡಿಲಿಸಿ, ಹಲ್ಲಿನ ವೈದ್ಯರು ಬಳಸುವಂತಹ ಪುಟ್ಟ ಕನ್ನಡಿಯನ್ನು ನಡುವಿನ ರಂಧ್ರದೊಳಕ್ಕೆ ಇಳಿಸಿ, ಮೊಬೈಲಿನ ಬೆಳಕನ್ನು ಬಿಟ್ಟರು. ಆ ಕನ್ನಡಿಯಲ್ಲಿ ನಾನು ಗಿಟಾರಿನ ಒಳಮೈಯನ್ನು ಮೊದಲ ಸಲ ಕಂಡೆ. ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡ ಏಳು ತೆಳ್ಳನೆಯ ಮರದ ಪಟ್ಟಿಗಳು, ಅಂಚಿನುದ್ದಕ್ಕೂ ಒತ್ತಾಗಿ ಕೂರಿಸಿದ ಸಣ್ಣ ತ್ರಿಕೋನದ ತುಂಡುಗಳು, ಒಂದೆರಡು ಕಡೆ ಅಳಿಸದೆ ಉಳಿದ ಪೆನ್ಸಿಲ್ ಗೆರೆಗಳು ಕಂಡವು. ಹೊರಗಿನಿಂದ ಅಷ್ಟೊಂದು ನುಣುಪಾಗಿರುವ ವಸ್ತುವಿನ ಒಳಗೆ ಉಳಿಯ ಗುರುತುಗಳು ಹಾಗೆಯೇ ಇದ್ದವು.

ಅಂದಿನಿಂದ ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಈ ಏಳು ಪಟ್ಟಿಗಳ ವಿನ್ಯಾಸವನ್ನು ನೆಲೆಗೊಳಿಸಿದವರು ಹತ್ತೊಂಬತ್ತನೆಯ ಶತಮಾನದ ಆಂಟೋನಿಯೊ ಡಿ ಟೊರೆಸ್ ಎಂದು ತಿಳಿಯಿತು. ಅವರ ಗಿಟಾರುಗಳನ್ನು ಸಂಗ್ರಹಾಲಯಗಳಲ್ಲಿ ಅಳೆದು, ಹಲಗೆಯ ದಪ್ಪವನ್ನು ಮಿಲಿಮೀಟರಿನ ಹತ್ತನೇ ಒಂದರಷ್ಟು ನಿಖರವಾಗಿ ಗುರುತಿಸಿದ ನಕ್ಷೆಗಳು ಈಗ ಯಾರಿಗೆ ಬೇಕಾದರೂ ಕೊಳ್ಳಲು ಸಿಗುತ್ತವೆ. ಹೀಗಿದ್ದೂ ಒಳ್ಳೆಯ ಕರಕುಶಲಿಗರ ಒಂದು ಗಿಟಾರಿಗಾಗಿ ಜನರು ವರ್ಷಗಟ್ಟಲೆ ಕಾಯುತ್ತಾರೆ, ಕಾರಿನ ಬೆಲೆಯನ್ನು ಕೊಡುತ್ತಾರೆ. ಅಳತೆಗಳೆಲ್ಲ ತಿಳಿದಿರುವಾಗ ಉಳಿದ ಗುಟ್ಟಾದರೂ ಏನು? ಹೀಗೆ ಒಂಟಿಯಾಗಿ ಕುಳಿತು ಗಿಟಾರ್ ಕಟ್ಟುವವರ ಬದುಕು ಹೇಗಿರುತ್ತದೆ? ಮರಗೆಲಸ ಬಲ್ಲವರು, ಆ ಊರುಗಳನ್ನು ಕಂಡವರು ದಯವಿಟ್ಟು ತಿಳಿಸಬೇಕು. ಸೀಳಿಗೆ ಏನು ಮಾಡಬಹುದು ಎಂಬುದನ್ನೂ ಹೇಳಿದರೆ ಗುರುಗಳಿಗೆ ಉಪಕಾರವಾಗುತ್ತದೆ.


ಉಜ್ಜುಗೊರಡು

ನಮ್ಮದು ಬಾಗಿಲು, ಕಿಟಕಿ, ಮಂಟಪಗಳನ್ನು ಮಾಡುತ್ತಿದ್ದ ಮನೆತನ. ನಾನು ವೀಣೆ, ತಂಬೂರಿಗಳ ರಿಪೇರಿಯಿಂದ ಗಿಟಾರಿನ ಕಡೆಗೆ ಬಂದವನು. ಆದ್ದರಿಂದ ಮರದ ಕಡೆಯಿಂದ ಉತ್ತರಿಸುತ್ತೇನೆ.

ನಕ್ಷೆಯಲ್ಲಿರುವುದು ಟೊರೆಸ್ ಅವರ ಕೈಗೆ ಬಂದ ಹಲಗೆಯ ಅಳತೆಯೇ ಹೊರತು ನಿಮ್ಮ ಕೈಗೆ ಬಂದ ಹಲಗೆಯ ಅಳತೆಯಲ್ಲ. ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಎಂಬ ಒಂದೇ ಮರದಿಂದ, ಒಂದೇ ದಿಮ್ಮಿಯಿಂದ ಪಕ್ಕಪಕ್ಕದಲ್ಲಿ ತೆಗೆದ ಎರಡು ಹಲಗೆಗಳನ್ನು ಒಂದೇ ದಪ್ಪಕ್ಕೆ ಉಜ್ಜಿ ಕೈಯಲ್ಲಿ ಬಾಗಿಸಿ ನೋಡಿದರೆ ಒಂದು ಬಿಗಿಯಾಗಿರುತ್ತದೆ, ಇನ್ನೊಂದು ಬಳುಕುತ್ತದೆ. ಹಲಗೆಯ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರಿಳಿಯುತ್ತದೆ ಎಂಬುದು ಇಲ್ಲಿ ಮುಖ್ಯ. ದಪ್ಪವನ್ನು ನೂರಕ್ಕೆ ಹತ್ತರಷ್ಟು ಇಳಿಸಿದರೆ ಬಿಗುವು ನೂರಕ್ಕೆ ಇಪ್ಪತ್ತೇಳರಷ್ಟು ಇಳಿಯುತ್ತದೆ. ಕ್ಲಾಸಿಕಲ್ ಗಿಟಾರಿನ ಮೇಲ್ಹಲಗೆ ಹೆಚ್ಚುಕಡಿಮೆ ಎರಡರಿಂದ ಎರಡೂವರೆ ಮಿಲಿಮೀಟರ್ ದಪ್ಪವಿರುವುದರಿಂದ, ಉಜ್ಜುಗೊರಡನ್ನು ಮೂರು ನಾಲ್ಕು ಸಲ ಹೆಚ್ಚಾಗಿ ಎಳೆದರೂ ವಾದ್ಯದ ಹಣೆಬರಹ ಬದಲಾಗುತ್ತದೆ. ತೆಗೆದ ಹೊಟ್ಟನ್ನು ಮತ್ತೆ ಅಂಟಿಸಲು ಬರುವುದಿಲ್ಲವಷ್ಟೆ.

ಈ ಹಲಗೆಯಿಂದ ನಾವು ಕೇಳುವುದು ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳನ್ನು. ಆರು ನೈಲಾನ್ ತಂತಿಗಳು ಒಟ್ಟಾಗಿ ಸುಮಾರು 40 ಕಿಲೋದಷ್ಟು ಬಲದಿಂದ ಬ್ರಿಡ್ಜನ್ನು ಜಗ್ಗುತ್ತಿರುತ್ತವೆ, ಅದೂ ಹಗಲೂ ರಾತ್ರಿ. ಅದನ್ನು ತಡೆಯಲು ಹಲಗೆ ಗಟ್ಟಿಯಾಗಿರಬೇಕು. ಆದರೆ ಬೆರಳಿನ ತುದಿಯೊಂದು ಮೆಲ್ಲಗೆ ಮೀಟಿದರೂ ನಡುಗುವಷ್ಟು ಹಗುರವಾಗಿಯೂ ಇರಬೇಕು. ಇವೆರಡರ ನಡುವೆ ಆ ಹಲಗೆ ಎಲ್ಲಿ ನಿಲ್ಲಬೇಕು ಎಂಬುದನ್ನು ನಕ್ಷೆ ಹೇಳಲಾರದು. ಕರಕುಶಲಿಗ ಹಲಗೆಯ ಎರಡು ಅಂಚುಗಳನ್ನು ಹಿಡಿದು ಉದ್ದಕ್ಕೂ ಅಡ್ಡಕ್ಕೂ ಬಾಗಿಸಿ ನೋಡುತ್ತಾನೆ, ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾನೆ, ಇನ್ನಷ್ಟು ಕೀಸುತ್ತಾನೆ, ಮತ್ತೆ ಬಾಗಿಸುತ್ತಾನೆ.

ನನ್ನದೇ ಒಂದು ಸೋಲನ್ನು ಹೇಳುತ್ತೇನೆ. ಹನ್ನೊಂದು ವರ್ಷಗಳ ಹಿಂದೆ ಇಂತಹುದೇ ಒಂದು ನಕ್ಷೆಯನ್ನು ತರಿಸಿಕೊಂಡು, ದಪ್ಪ ಅಳೆಯುವ ಕ್ಯಾಲಿಪರನ್ನು ಕೈಯಲ್ಲಿ ಹಿಡಿದು, ಅದರಲ್ಲಿದ್ದಂತೆಯೇ ಚಾಚೂ ತಪ್ಪದೆ ಗಿಟಾರ್ ಕಟ್ಟಿದೆ. ಮೊದಲ ಆರು ತಿಂಗಳು ಸೊಗಸಾಗಿ ನುಡಿಯಿತು. ವರ್ಷ ತುಂಬುವುದರೊಳಗೆ ಬ್ರಿಡ್ಜಿನ ಮುಂದೆ ಹಲಗೆ ತಗ್ಗಿ, ಹಿಂದೆ ಉಬ್ಬಿ, ಬ್ರಿಡ್ಜು ಮುಂದಕ್ಕೆ ವಾಲಿತು. ನನ್ನ ಸ್ಪ್ರೂಸ್ ನಕ್ಷೆಯ ಸ್ಪ್ರೂಸಿಗಿಂತ ಮೆತುವಾಗಿತ್ತು ಎಂಬುದು ಹಲಗೆಯನ್ನು ಬಾಗಿಸಿದಾಗಲೇ ನನ್ನ ಹೆಬ್ಬೆರಳಿಗೆ ತಿಳಿದಿತ್ತು. ಆದರೆ ಅಂದು ನಾನು ಹೆಬ್ಬೆರಳಿಗಿಂತ ಕಾಗದವನ್ನು ನಂಬಿದೆ. ಆ ಗಿಟಾರ್ ಈಗಲೂ ಅಂಗಡಿಯ ಗೋಡೆಯ ಮೇಲೆ ತೂಗುತ್ತಿದೆ.

ನಮ್ಮ ವಾದ್ಯಗಳಿಗೂ ಇದಕ್ಕೂ ಇರುವ ವ್ಯತ್ಯಾಸವನ್ನೂ ಗಮನಿಸಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವವರು ಹಲಸಿನ ದಿಮ್ಮಿಯನ್ನು ಒಳಗಿನಿಂದ ತೋಡಿ ಕೊಡವನ್ನು ಮಾಡುತ್ತಾರೆ. ಅಂದರೆ ಅದು ಕಳೆಯುತ್ತಾ ಹೋಗುವ ಕೆಲಸ. ಗಿಟಾರ್ ಹಾಗಲ್ಲ, ಅದು ತೆಳುವಾದ ಹಲಗೆಗಳನ್ನು ಬಾಗಿಸಿ ಜೋಡಿಸಿದ ಪೆಟ್ಟಿಗೆ. ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುವುದರಿಂದ ಶ್ರುತಿ ತಪ್ಪಿದರೆ ಮೇಳವನ್ನು ಮತ್ತೆ ಕಟ್ಟಬಹುದು. ಗಿಟಾರಿನ ಫ್ರೆಟ್ಟುಗಳನ್ನು ಕರಿಮರದಲ್ಲಿ ಗರಗಸದಿಂದ ಕೊಯ್ದ ಸಂದಿಗೆ ಹೊಡೆದು ಕೂರಿಸಿದ ಮೇಲೆ ಮುಗಿಯಿತು. ಇಲ್ಲಿ ಮಾತ್ರ ಲೆಕ್ಕವೇ ದೇವರು. 650 ಮಿಲಿಮೀಟರ್ ತಂತಿಯನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟು 36.48 ಮಿಲಿಮೀಟರಿಗೆ ಬರುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತಾ ಹೋದರೆ ಹನ್ನೆರಡನೆಯದು ತಂತಿಯ ಸರಿ ಅರ್ಧದಲ್ಲಿ ಬಂದು ನಿಲ್ಲುತ್ತದೆ.

ಸೀಳಿನ ವಿಷಯವನ್ನು ಆಮೇಲೆ ಬರೆಯುತ್ತೇನೆ. ಅಷ್ಟರವರೆಗೆ ತಂತಿಗಳು ಸಡಿಲವಾಗಿಯೇ ಇರಲಿ. ಯಾರಾದರೂ ಫೆವಿಕ್ವಿಕ್ ಹಾಕಲು ಬಂದರೆ ಕೈ ಹಿಡಿದು ತಡೆಯಿರಿ.


ಹಳೆಯಪುಟ

ಮೇಲಿನವರು ಮರದ ಕಡೆಯಿಂದ ಬರೆದಿದ್ದಾರೆ, ನಾನು ಟೊರೆಸ್ ಅವರ ಬದುಕಿನ ಬಗ್ಗೆ ತಿಳಿದದ್ದನ್ನು ಬರೆಯುತ್ತೇನೆ. ಮೊದಲಿಗೆ ಒಂದು ತಿದ್ದುಪಡಿ. ಬೀಸಣಿಗೆಯಾಕಾರದ ಪಟ್ಟಿಗಳನ್ನು ಟೊರೆಸ್ ಕಂಡುಹಿಡಿಯಲಿಲ್ಲ. ಅವರಿಗಿಂತ ಮೊದಲೇ, ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ, ಸ್ಪೇನಿನ ಕಾದಿಸ್ ನಗರದ ಪಾಜೆಸ್, ಬೆನೆದಿದ್ ಮುಂತಾದವರು ಅಂತಹ ಪಟ್ಟಿಗಳನ್ನು ಹಾಕುತ್ತಿದ್ದರು. ಟೊರೆಸ್ ಗಿಟಾರಿನ ಒಡಲನ್ನು ಹಿಗ್ಗಿಸಿದರು, ಮೇಲ್ಹಲಗೆಯನ್ನು ತೆಳುಗೊಳಿಸಿ ಎರಡೂ ದಿಕ್ಕಿಗೆ ಸ್ವಲ್ಪವೇ ಉಬ್ಬಿಸಿದರು, ತಂತಿಯ ಉದ್ದವನ್ನು 650 ಮಿಲಿಮೀಟರಿನ ಆಸುಪಾಸಿಗೆ ತಂದರು, ಈ ಎಲ್ಲಕ್ಕೂ ಹೊಂದುವಂತೆ ಏಳು ಪಟ್ಟಿಗಳನ್ನು ಲೆಕ್ಕಾಚಾರವಾಗಿ ಹರಡಿದರು. ಬಿಡಿಬಿಡಿಯಾಗಿ ನೋಡಿದರೆ ಹೆಚ್ಚಿನವು ಹಳೆಯವೇ, ಆದರೆ ಎಲ್ಲವೂ ಸೇರಿದ್ದು ಅವರ ಕೈಯಲ್ಲಿ. ಇಂದು ನಾವು ಕ್ಲಾಸಿಕಲ್ ಗಿಟಾರ್ ಎಂದು ಕರೆಯುವ ಆಕಾರವು ಅಲ್ಲಿಂದಲೇ ಬಂದದ್ದು.

ಅವರು 1817ರಲ್ಲಿ ಸ್ಪೇನಿನ ದಕ್ಷಿಣದ ಅಲ್ಮೇರಿಯಾ ನಗರದ ಪಕ್ಕದ ಲಾ ಕಾನ್ಯಾದಾದಲ್ಲಿ ಹುಟ್ಟಿದರು. ತಂದೆ ತೆರಿಗೆ ವಸೂಲಿಯ ಕೆಲಸದವರು. ಮಗ ಹನ್ನೆರಡನೆಯ ವಯಸ್ಸಿಗೆ ಬಡಗಿಯ ಬಳಿ ಕೆಲಸಕ್ಕೆ ಸೇರಿದರು. ಹದಿನೆಂಟಕ್ಕೆ ಮದುವೆಯಾಯಿತು, ಮಕ್ಕಳಾದವು, ಸಾಲವಾಯಿತು. ಮೊದಲ ಹೆಂಡತಿ ಇಪ್ಪತ್ತಮೂರರ ಪ್ರಾಯದಲ್ಲಿ ಕ್ಷಯದಿಂದ ತೀರಿಕೊಂಡರು. ಆಮೇಲೆ ಅವರು ಸೆವಿಯಾ ನಗರಕ್ಕೆ ಹೋದರು. ಗಿಟಾರನ್ನೇ ವೃತ್ತಿಯಾಗಿ ಹಿಡಿದದ್ದು 1850ರ ದಶಕದಲ್ಲಿ, ಅಂದರೆ ಮೂವತ್ತೈದು ದಾಟಿದ ಮೇಲೆ. ಹೂಲಿಯಾನ್ ಅರ್ಕಾಸ್ ಎಂಬ ಹೆಸರಾಂತ ವಾದಕರ ಒತ್ತಾಸೆ ಅದಕ್ಕೆ ಕಾರಣವಾಯಿತು. 1858ರಲ್ಲಿ ಸೆವಿಯಾದ ಪ್ರದರ್ಶನದಲ್ಲಿ ಅವರ ಗಿಟಾರಿಗೆ ಪದಕವೂ ಬಂದಿತು. ಮುಂದೆ ಹೆಸರಾಂತ ವಾದಕರಾದ, ಆಗಿನ್ನೂ ಹದಿಹರೆಯದಲ್ಲಿದ್ದ ಫ್ರಾನ್ಸಿಸ್ಕೊ ತಾರೆಗಾ 1869ರಲ್ಲಿ ಇವರ ಅಂಗಡಿಗೆ ಬಂದು, 1864ರಲ್ಲಿ ಕಟ್ಟಿದ್ದ ಒಂದು ಗಿಟಾರನ್ನು ಪಡೆದು ಬಹುಕಾಲ ಅದನ್ನೇ ನುಡಿಸಿದರು.

ಇಷ್ಟು ಹೆಸರು ಬಂದ ಮೇಲೆ ಬದುಕು ಹಸನಾಗಿರಬೇಕು ಎಂದು ನಾವು ಭಾವಿಸುತ್ತೇವೆ. ಆದರೆ 1870ರ ಸುಮಾರಿಗೆ ಟೊರೆಸ್ ಗಿಟಾರ್ ಕಟ್ಟುವುದನ್ನೇ ಬಿಟ್ಟು ಅಲ್ಮೇರಿಯಾಕ್ಕೆ ಮರಳಿ ಪಿಂಗಾಣಿ ಪಾತ್ರೆಗಳ ಅಂಗಡಿಯನ್ನು ತೆರೆದರು! ಗಿಟಾರಿನ ಇತಿಹಾಸದಲ್ಲೇ ಅತಿ ದೊಡ್ಡ ಹೆಸರಿನ ಮನುಷ್ಯ ಐದು ವರ್ಷಗಳ ಕಾಲ ತಟ್ಟೆ, ಬಟ್ಟಲುಗಳನ್ನು ಮಾರಿದರು. 1875ರಲ್ಲಿ ಮತ್ತೆ ಉಳಿ ಹಿಡಿದಾಗ ತಮ್ಮ ಗಿಟಾರುಗಳೊಳಗಿನ ಚೀಟಿಯಲ್ಲಿ ‘ಎರಡನೆಯ ಕಾಲ’ ಎಂದು ಅಚ್ಚು ಹಾಕಿಸಿದರು. ನನಗೆ ಬಹಳ ಇಷ್ಟವಾದ ವಿವರ ಇದು. ಬಿಟ್ಟುಹೋದ ವರ್ಷಗಳನ್ನು ಮುಚ್ಚಿಡದೆ ಹೊಸ ಎಣಿಕೆಯನ್ನು ಆರಂಭಿಸುವ ಒಂದು ಬಗೆಯ ಪ್ರಾಮಾಣಿಕತೆ ಅದರಲ್ಲಿ ಕಾಣುತ್ತದೆ. 1892ರ ನವೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅವರು ಕೆಲಸವನ್ನು ಬಿಡಲಿಲ್ಲ.

ಇನ್ನು ನಿಮ್ಮ ‘ಗುಟ್ಟಿನ’ ಪ್ರಶ್ನೆ. ಟೊರೆಸ್ ಅವರ ಕೊನೆಯ ವರ್ಷಗಳ ಸ್ನೇಹಿತರಾಗಿದ್ದು ಕೆಲಸದಲ್ಲಿ ಕೈಜೋಡಿಸುತ್ತಿದ್ದ ಹುವಾನ್ ಮಾರ್ತಿನೆಸ್ ಸಿರ್ವೆಂತ್ ಎಂಬ ಪಾದ್ರಿಗಳು, ಟೊರೆಸ್ ಸತ್ತು ಸುಮಾರು ನಲವತ್ತು ವರ್ಷಗಳಾದ ಮೇಲೆ, 1931ರ ಒಂದು ಪತ್ರದಲ್ಲಿ ಹಳೆಯದನ್ನು ನೆನೆದಿದ್ದಾರೆ. ಊಟದ ಹೊತ್ತಿನಲ್ಲಿ ಯಾರೋ ಗುಟ್ಟನ್ನು ಕೇಳಿದಾಗ, ಅದು ತನ್ನ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯ ಸ್ಪರ್ಶದಲ್ಲಿದೆ, ಹಲಗೆ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಅವೇ ಹೇಳುತ್ತವೆ, ಆದ್ದರಿಂದ ಅದು ತನ್ನ ದೇಹದೊಂದಿಗೇ ಮಣ್ಣಿಗೆ ಹೋಗಬೇಕಾದದ್ದು ಎಂಬ ಅರ್ಥದಲ್ಲಿ ಟೊರೆಸ್ ಉತ್ತರಿಸಿದರಂತೆ. ಉಜ್ಜುಗೊರಡು ಅವರ ಹೆಬ್ಬೆರಳಿನ ಮಾತನ್ನು ಓದಿದಾಗ ನನಗೆ ಈ ಪತ್ರವೇ ನೆನಪಾಯಿತು.

ಅವರು ಮಾಡಿದ ಒಂದು ಪ್ರಯೋಗವನ್ನೂ ಹೇಳಲೇಬೇಕು. 1862ರಲ್ಲಿ ಅವರು ಒಂದು ಗಿಟಾರಿನ ಬೆನ್ನು ಮತ್ತು ಪಕ್ಕಗಳನ್ನು ಮರದ ಬದಲು ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಸ್ಪ್ರೂಸಿನಿಂದ ಮಾಡಿದರು. ನಾದದ ಬಹುಪಾಲು ಮೇಲ್ಹಲಗೆಯಲ್ಲೇ ಇದೆ ಎಂಬ ತಮ್ಮ ನಂಬಿಕೆಗೆ ಅವರು ಕೊಟ್ಟ ಸಾಕ್ಷಿ ಅದು. ಆ ರಟ್ಟಿನ ಗಿಟಾರ್ ಬಾರ್ಸಿಲೋನಾದ ಸಂಗೀತ ಸಂಗ್ರಹಾಲಯದಲ್ಲಿದೆ.


ಆರುತಂತಿ

ಇಬ್ಬರಿಗೂ ಕೃತಜ್ಞತೆಗಳು. ಆದರೆ ಒಂದು ಅನುಮಾನವನ್ನು ಮುಚ್ಚುಮರೆಯಿಲ್ಲದೆ ಕೇಳುತ್ತೇನೆ. ಗುಟ್ಟು ಬೆರಳಿನಲ್ಲಿದೆ ಎನ್ನುವುದು ಕೇಳಲು ಚೆನ್ನಾಗಿದೆ, ಆದರೆ ಕಲಿಯುವವನಿಗೆ ಅದರಿಂದ ಏನೂ ಸಿಗುವುದಿಲ್ಲ. ಬೆರಳಿನೊಂದಿಗೆ ವಿದ್ಯೆಯೂ ಮಣ್ಣಿಗೆ ಹೋಗಿದ್ದರೆ ಟೊರೆಸ್ ನಂತರ ಒಳ್ಳೆಯ ಗಿಟಾರೇ ಹುಟ್ಟಬಾರದಿತ್ತಲ್ಲವೇ? ಮತ್ತು ರಟ್ಟಿನಿಂದಲೂ ಗಿಟಾರ್ ನುಡಿಯುವುದಾದರೆ ಬೆನ್ನಿಗೆ ಬೀಟೆಯಂತಹ ದುಬಾರಿ ಮರ ಏಕೆ ಬೇಕು?


ಗ್ರಾನಾದಾದ_ನೆನಪು

ಆರುತಂತಿಯವರ ಅನುಮಾನ ನ್ಯಾಯವಾದದ್ದು. ನಾನು ಓದಿನ ನಿಮಿತ್ತ ಎರಡು ವರ್ಷ ಸ್ಪೇನಿನ ಗ್ರಾನಾದಾ ನಗರದಲ್ಲಿದ್ದೆ. ಅಲ್ಲಿನ ಪ್ಲಾಸಾ ನುಯೆವಾ ಚೌಕದಿಂದ ಅಲ್ಹಂಬ್ರಾ ಅರಮನೆಯ ಕಡೆಗೆ ಏರುವ ಕುಯೆಸ್ತಾ ದೆ ಗೊಮೆರೆಸ್ ಎಂಬ ಇಕ್ಕಟ್ಟಾದ ರಸ್ತೆಯಲ್ಲಿ ಗಿಟಾರ್ ಕಟ್ಟುವವರ ಅಂಗಡಿಗಳಿವೆ. ಮುಂದೆ ಮಾರಾಟ, ಹಿಂದೆ ಕೆಲಸದ ಮೇಜು. ಕಲಿಕೆಯೆಲ್ಲ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ. ಅಲ್ಲಿನ ಹಿರಿಯರಲ್ಲಿ ಒಬ್ಬರಾದ ಆಂಟೋನಿಯೊ ಮರೀನ್ ಮೊಂತೆರೊ ಅವರು ಮೊದಲು ಪೀಠೋಪಕರಣಗಳ ಬಡಗಿಯಾಗಿದ್ದು, ಎದುವಾರ್ದೊ ಫೆರ್ರೆರ್ ಅವರ ಬಳಿ ಗಿಟಾರ್ ಕೆಲಸವನ್ನು ಕಲಿತವರು. ಪ್ಯಾರಿಸ್ಸಿನ ಚಿತ್ರಕಾರರೂ ಗಿಟಾರ್ ಕರಕುಶಲಿಗರೂ ಆಗಿದ್ದ ರೊಬೇರ್ ಬುಶೆ ಗ್ರಾನಾದಾಕ್ಕೆ ಬಂದಾಗ ಮರೀನ್ ಅವರು ಬುಶೆಯವರೊಡನೆ ಕುಳಿತು ಕೆಲಸ ಮಾಡಿ, ಆ ಬಳಿಕ ತಮ್ಮ ವಿನ್ಯಾಸವನ್ನೇ ಬದಲಿಸಿಕೊಂಡರು. ಅಂದರೆ ಬೆರಳಿನ ಅರಿವು ಕೂಡ ಹತ್ತಿರ ಕುಳಿತರೆ ದಾಟುತ್ತದೆ. ಕಾಗದದಲ್ಲಿ ದಾಟುವುದು ಕಷ್ಟ, ಅಷ್ಟೆ.

ಒಂದು ಬೆಳಿಗ್ಗೆ ಅಂತಹ ಒಂದು ಮಳಿಗೆಯಲ್ಲಿ ಪಕ್ಕದ ಹಲಗೆಯನ್ನು ಬಾಗಿಸುವುದನ್ನು ನೋಡಿದೆ. ಎರಡು ಮಿಲಿಮೀಟರ್ ದಪ್ಪದ ಬೀಟೆಯ ಉದ್ದನೆಯ ಪಟ್ಟಿಯನ್ನು ನೀರಿನಲ್ಲಿ ಒದ್ದೆ ಮಾಡಿ, ಕಾದ ಕಬ್ಬಿಣದ ಕೊಳವೆಯ ಮೇಲೆ ಇಟ್ಟರು. ಉಗಿ ಬುಸ್ ಎಂದು ಎದ್ದಿತು. ಆ ವಯಸ್ಸಾದ ಮನುಷ್ಯ ಪಟ್ಟಿಯನ್ನು ಒತ್ತಲಿಲ್ಲ, ಎರಡು ಕೈಗಳ ಭಾರವನ್ನು ಮಾತ್ರ ಅದರ ಮೇಲೆ ಬಿಟ್ಟು ಕಾದರು. ಸುಮಾರು ಅರ್ಧ ನಿಮಿಷದಲ್ಲಿ ಮರ ತಾನಾಗಿ ಸೋತಂತೆ ಕೆಳಗಿಳಿಯಿತು, ಆಗ ಅವರು ಪಟ್ಟಿಯನ್ನು ಒಂದು ಬೆರಳಿನಷ್ಟು ಮುಂದಕ್ಕೆ ಸರಿಸಿದರು. ಸೊಂಟದ ತಿರುವಿಗೆ ಬಂದಾಗ ಮೂರು ಸಲ ಅಚ್ಚಿನ ಹಲಗೆಗೆ ಹಿಡಿದು ನೋಡಿ ಮೂರು ಸಲವೂ ತಲೆಯಾಡಿಸಿ ಮತ್ತೆ ಕೊಳವೆಗೆ ಒಯ್ದರು. ಕೊಠಡಿಯ ತುಂಬ ಬೀಟೆಯ ಸಿಹಿಘಾಟು ತುಂಬಿಕೊಂಡಿತ್ತು. ನನ್ನಜ್ಜಿಯ ಮನೆಯ ಹಳೆಯ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬರುತ್ತಿದ್ದ ವಾಸನೆಯೇ ಅದು.

ಸ್ಪೇನಿನ ಪದ್ಧತಿಯಲ್ಲಿ ಗಿಟಾರನ್ನು ಮುಖ ಕೆಳಗಾಗಿಸಿ ಕಟ್ಟುತ್ತಾರೆ. ಇದಕ್ಕೆ ಸೊಲೆರಾ ಎಂಬ ಹಲಗೆಯಿದೆ, ಅದರ ನಡುವೆ ಎರಡು ಮೂರು ಮಿಲಿಮೀಟರಿನಷ್ಟು ತಗ್ಗನ್ನು ಕೆತ್ತಿರುತ್ತಾರೆ. ಪಟ್ಟಿಗಳನ್ನು ಅಂಟಿಸುವಾಗ ಮೇಲ್ಹಲಗೆ ಆ ತಗ್ಗಿಗೆ ಕುಳಿತು ಉಬ್ಬನ್ನು ಪಡೆಯುತ್ತದೆ. ಕತ್ತಿನ ಬುಡದ ಮರದಲ್ಲೇ ಎರಡು ಸೀಳುಗಳನ್ನು ಕೊಯ್ದು ಪಕ್ಕದ ಹಲಗೆಗಳ ತುದಿಯನ್ನು ಅದರೊಳಕ್ಕೆ ತೂರಿಸುತ್ತಾರೆ. ಆದ್ದರಿಂದ ಕತ್ತು ಮತ್ತು ಒಡಲು ಮೊದಲಿನಿಂದಲೇ ಒಂದು, ಆಮೇಲೆ ಬಿಚ್ಚಿ ಕೋನವನ್ನು ಸರಿಪಡಿಸುವ ಅವಕಾಶವಿಲ್ಲ. ತಂತಿ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂಬುದನ್ನು ಗಿಟಾರಿನ ಬೆನ್ನು ಮುಚ್ಚುವ ಮೊದಲೇ ನಿರ್ಧರಿಸಬೇಕು. ಪ್ರಶ್ನೆಯಲ್ಲಿ ಹೇಳಿದ ತ್ರಿಕೋನದ ತುಂಡುಗಳನ್ನು ಪಕ್ಕ ಮತ್ತು ಮೇಲ್ಹಲಗೆಗಳು ಕೂಡುವ ಮೂಲೆಯಲ್ಲಿ ಒಂದೊಂದಾಗಿ, ಬಿಸಿ ಸರೇಸಿನಲ್ಲಿ (ಪ್ರಾಣಿಗಳ ಚರ್ಮದಿಂದ ಮಾಡುವ ಅಂಟು) ಅದ್ದಿ, ಬೆರಳಿನಿಂದ ಒತ್ತಿ ಹಿಡಿದು ಕೂರಿಸುತ್ತಾರೆ. ನೂರಕ್ಕೂ ಹೆಚ್ಚು ತುಂಡುಗಳು, ಒಂದೊಂದಕ್ಕೂ ಕೆಲವು ಕ್ಷಣಗಳ ಒತ್ತು. ನಿಮ್ಮ ಕನ್ನಡಿಯಲ್ಲಿ ಕಂಡದ್ದು ಯಾರದೋ ಒಂದಿಡೀ ಮಧ್ಯಾಹ್ನ.

ಇಷ್ಟು ಹೇಳಿದ ಮೇಲೆ ಉಜ್ಜುಗೊರಡು ಅವರ ಮಾತಿಗೆ ನನ್ನದೊಂದು ಸಣ್ಣ ತಕರಾರಿದೆ. ಅಳತೆ ಕೆಲಸಕ್ಕೆ ಬಾರದ್ದು ಎಂಬ ಭಾವನೆ ಓದುಗರಿಗೆ ಬರಬಾರದು. ಮ್ಯೂನಿಕ್ಕಿನ ಗಿಟಾರ್ ಕರಕುಶಲಿಗ ಹರ್ಮಾನ್ ಹೌಸರ್ ಅವರ ಉದಾಹರಣೆಯನ್ನೇ ನೋಡಿ. 1924ರಲ್ಲಿ ಸ್ಪೇನಿನ ಪ್ರಸಿದ್ಧ ವಾದಕ ಆಂದ್ರೆಸ್ ಸೆಗೋವಿಯಾ ತಮ್ಮ ಕೈಯಲ್ಲಿದ್ದ ಮ್ಯಾನುಯೆಲ್ ರಾಮಿರೆಸ್ ಅಂಗಡಿಯ 1912ರ ಗಿಟಾರನ್ನು ಹೌಸರ್ ಅವರಿಗೆ ತೋರಿಸಿ, ಅಳೆದು ನೋಡಲು ಬಿಟ್ಟರು. ಹೌಸರ್ ಅಳೆದರು, ಕಟ್ಟಿದರು, ತೋರಿಸಿದರು. ಸೆಗೋವಿಯಾ ಒಪ್ಪಲಿಲ್ಲ. ಹೀಗೆಯೇ ವರ್ಷಗಳು ಉರುಳಿ 1937ರಲ್ಲಿ ಕಟ್ಟಿದ ಗಿಟಾರನ್ನು ಸೆಗೋವಿಯಾ ಮನಸಾರೆ ಒಪ್ಪಿ, ಸುಮಾರು ಕಾಲು ಶತಮಾನ ಲೋಕವೆಲ್ಲ ಸುತ್ತಿ ಅದನ್ನೇ ನುಡಿಸಿದರು. ಆ ಎರಡೂ ಗಿಟಾರುಗಳು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿವೆ. ಅಳತೆಗಳು ಮೊದಲ ದಿನವೇ ಸಿಕ್ಕಿದ್ದವು. ಉಳಿದದ್ದಕ್ಕೆ ಹದಿಮೂರು ವರ್ಷ ಹಿಡಿಯಿತು. ಆದರೆ ಆ ಮೊದಲ ದಿನದ ಅಳತೆ ಇಲ್ಲದಿದ್ದರೆ ಹದಿಮೂರು ವರ್ಷಗಳಲ್ಲಿ ಹೌಸರ್ ಎಲ್ಲಿಗೆ ತಲುಪುತ್ತಿದ್ದರೋ!

ಇನ್ನೊಬ್ಬರು ಹೊಸೆ ರೊಮಾನಿಯೊಸ್. 1932ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಹುಟ್ಟಿ, ಬಡಗಿಯ ಕೆಲಸ ಕಲಿತು, 1956ರಲ್ಲಿ ಹೊಟ್ಟೆಪಾಡಿಗಾಗಿ ಇಂಗ್ಲೆಂಡಿಗೆ ಹೋದವರು. ಯಾವ ಗುರುವೂ ಇಲ್ಲದೆ ಪುಸ್ತಕವನ್ನು ನೋಡಿಕೊಂಡೇ ಮೊದಲ ಗಿಟಾರನ್ನು ಕಟ್ಟಿದರು. ಪ್ರಸಿದ್ಧ ವಾದಕ ಜೂಲಿಯನ್ ಬ್ರೀಮ್ ತಮ್ಮ ಮನೆಯ ಪಕ್ಕದಲ್ಲಿ ಅವರಿಗೆ ಕೆಲಸದ ಜಾಗವನ್ನು ಕೊಟ್ಟರು, 1973ರಲ್ಲಿ ಅವರು ಕಟ್ಟಿದ ಗಿಟಾರನ್ನು ಬಹುಕಾಲ ನುಡಿಸಿದರು. ಟೊರೆಸ್ ಅವರ ಬದುಕನ್ನೂ ವಾದ್ಯಗಳನ್ನೂ ಹುಡುಕಿ ಹುಡುಕಿ ದಾಖಲಿಸಿದವರು ಕೂಡ ಇವರೇ. ಹಳೆಯಪುಟ ಅವರು ಮೇಲೆ ಬರೆದ ಬಹುಪಾಲು ವಿವರಗಳು ಆ ಶ್ರಮದ ಫಲ. ರೊಮಾನಿಯೊಸ್ ಗಿಟಾರಿನ ರಂಧ್ರದ ಸುತ್ತಲಿನ ಚಿತ್ತಾರದಲ್ಲಿ ಕೋರ್ದೊಬಾದ ಹಳೆಯ ಮಸೀದಿಯ ಕಮಾನುಗಳ ಸಾಲು ಇರುತ್ತದೆ. ಅದು ಬಣ್ಣದಿಂದ ಬರೆದದ್ದಲ್ಲ, ಒಂದು ಮಿಲಿಮೀಟರಿಗೂ ಕಡಿಮೆ ಅಗಲದ ಬಣ್ಣಬಣ್ಣದ ಮರದ ಕಡ್ಡಿಗಳನ್ನು ಕಟ್ಟಾಗಿ ಅಂಟಿಸಿ, ಆ ಕಟ್ಟನ್ನು ಅಡ್ಡಲಾಗಿ ಬಿಲ್ಲೆಗಳಂತೆ ಕೊಯ್ದು ಕೂರಿಸಿದ್ದು.


ಮಲೆನಾಡು_ಮರ

ಬೀಟೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ನಮ್ಮ ಕಡೆಯ ಮರ ಅದು. ಮೊದಲು ಗಿಟಾರಿನ ಬೆನ್ನಿಗೆ ಹೆಸರಾಗಿದ್ದದ್ದು ಬ್ರೆಜಿಲ್ಲಿನ ಬೀಟೆ. ಅದು ಅಪರೂಪವಾಗಿ, 1960ರ ದಶಕದ ಕೊನೆಯ ಹೊತ್ತಿಗೆ ಸಿಗುವುದೇ ಕಷ್ಟವಾಯಿತು. 1992ರಲ್ಲಿ ಅಳಿವಿನಂಚಿನ ಗಿಡಮರ, ಪ್ರಾಣಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದದಡಿ ಅದರ ವ್ಯಾಪಾರವನ್ನು ಹೆಚ್ಚುಕಡಿಮೆ ನಿಲ್ಲಿಸಲಾಯಿತು. ಆ ಜಾಗಕ್ಕೆ ಬಂದದ್ದು ಪಶ್ಚಿಮಘಟ್ಟದ ನಮ್ಮ ಬೀಟೆ. ಭಾರವಾದ, ಎಣ್ಣೆಯಂಶವಿರುವ, ಒಮ್ಮೆ ಒಣಗಿದರೆ ಹವೆಗೆ ಅಷ್ಟಾಗಿ ಅಲುಗದ ಮರವಾದ್ದರಿಂದ ಬೆನ್ನು ಮತ್ತು ಪಕ್ಕಗಳು ತಾವು ನಾದವನ್ನು ಹೀರಿಕೊಳ್ಳದೆ ಮೇಲ್ಹಲಗೆಗೆ ಗಟ್ಟಿಯಾದ ಚೌಕಟ್ಟಾಗಿ ನಿಲ್ಲುತ್ತವೆ. ರಟ್ಟಿನ ಗಿಟಾರ್ ನುಡಿಯುತ್ತದೆ ಎಂಬುದು ನಿಜವೇ ಇರಬಹುದು, ಆದರೆ ಟೊರೆಸ್ ಕೂಡ ಅಂತಹುದನ್ನು ಗಿರಾಕಿಗಳಿಗೆಂದು ಕಟ್ಟುತ್ತಾ ಕೂರಲಿಲ್ಲ. ಚೆಲುವಿನ ಪಾಲೂ ಇದರಲ್ಲಿದೆ ಎಂಬುದನ್ನು ಒಪ್ಪಿಕೊಳ್ಳೋಣ. ನೇರಳೆ ಮಿಶ್ರಿತ ಕಂದುಬಣ್ಣದ ಚೇಗಿನ ಮೇಲೆ ಕಪ್ಪು ಗೆರೆಗಳಿರುವ ಎರಡು ಹಲಗೆಗಳನ್ನು ಪುಸ್ತಕದಂತೆ ಬಿಡಿಸಿ ಜೋಡಿಸಿದಾಗ ಯಾರಿಗಾದರೂ ಮೈಮರೆವಾಗುತ್ತದೆ. ಇದೇ ಮರದಲ್ಲಿ ಮಾಡುವ ಮೈಸೂರಿನ ಕುಸುರಿ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ನಮ್ಮಲ್ಲಿ ಸ್ವಂತ ಜಮೀನಿನ ಬೀಟೆಯನ್ನು ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ದಿಮ್ಮಿಯಾಗಿ ಅದು ದೇಶದಿಂದ ಹೊರಗೆ ಹೋಗುವಂತಿಲ್ಲ. ಗಿಟಾರಿನ ಬೆನ್ನು, ಪಕ್ಕಗಳಿಗೆ ತಕ್ಕಂತೆ ಕೊಯ್ದ ಹಲಗೆಗಳಾಗಿ ಕಾಗದಪತ್ರಗಳ ಸಮೇತ ಹೋಗಬೇಕು. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅದೇ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಬಂದಾಗ ಗಿಟಾರುಗಳನ್ನು ಗಡಿ ದಾಟಿಸಿ ಮಾರುವವರಿಗೆ ತಲೆನೋವಾಯಿತು. 2019ರ ನವೆಂಬರಿನಿಂದ ಪೂರ್ಣಗೊಂಡ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಆದರೆ ಬ್ರೆಜಿಲ್ಲಿನ ಬೀಟೆಗೆ ಈ ವಿನಾಯಿತಿ ಇಲ್ಲ, ಹಳೆಯ ಗಿಟಾರನ್ನು ಕೊಳ್ಳುವವರು ಇದನ್ನು ನೆನಪಿಡಬೇಕು.


ಉಜ್ಜುಗೊರಡು

ಗ್ರಾನಾದಾದವರ ತಕರಾರನ್ನು ಒಪ್ಪುತ್ತೇನೆ. ಅಳತೆಯಿಂದ ಹೊರಡಬೇಕು, ಆದರೆ ಅಲ್ಲೇ ಮನೆ ಕಟ್ಟಬಾರದು ಎಂಬುದಷ್ಟೇ ನನ್ನ ಮಾತು.

ಈಗ ಸೀಳಿನ ವಿಷಯ. ಸ್ಪ್ರೂಸ್ ಹಲಗೆ ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ. ಬ್ರಿಡ್ಜು ಮತ್ತು ಒಳಗಿನ ಪಟ್ಟಿಗಳು ಅದನ್ನು ಹಿಡಿದುಕೊಂಡಿರುವುದರಿಂದ ಕುಗ್ಗಲು ಜಾಗವಿಲ್ಲದೆ ಎಳೆಯ ಗುಂಟ ಸೀಳುತ್ತದೆ. ಬೆಂಗಳೂರಿನ ಫೆಬ್ರವರಿ, ಮಾರ್ಚ್ ತಿಂಗಳುಗಳ ಹವೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲು ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು, ತೂತುಗಳಿರುವ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜನ್ನು ಮರಕ್ಕೆ ತಾಗದಂತೆ ಪಕ್ಕದಲ್ಲಿರಿಸಿ, ಒಳಗಿನ ತೇವಾಂಶವು ನೂರಕ್ಕೆ ಐವತ್ತರ ಆಸುಪಾಸಿಗೆ ಬರುವವರೆಗೆ ಒಂದೆರಡು ವಾರ ಕಾಯಬೇಕು. ತೇವಾಂಶವನ್ನು ತೋರಿಸುವ ಪುಟ್ಟ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೀಗೆ ಮಾಡಿದರೆ ಕೂದಲೆಳೆಯಷ್ಟರ ಸೀಳು ಸಾಮಾನ್ಯವಾಗಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಆಗ ಬಿಸಿ ಸರೇಸನ್ನು ಬೆರಳಿನಿಂದ ಸೀಳಿನೊಳಕ್ಕೆ ತಿಕ್ಕಿ, ಒಳಗಡೆಯಿಂದ ಉಗುರಿನಷ್ಟಗಲದ ಸ್ಪ್ರೂಸ್ ತುಂಡುಗಳನ್ನು ಎಳೆಗೆ ಅಡ್ಡಲಾಗಿ ಮೂರು ಕಡೆ ಅಂಟಿಸಿದರೆ ಸಾಕು. ಫೆವಿಕ್ವಿಕ್ ಬೇಡವೆಂದದ್ದು ಇದಕ್ಕೇ. ಅದು ಮರದೊಳಗೆ ಇಳಿದು ಗಟ್ಟಿಯಾದರೆ ಮುಂದೆ ಯಾವ ಅಂಟೂ ಹಿಡಿಯುವುದಿಲ್ಲ. ಸರೇಸನ್ನಾದರೆ ಬಿಸಿನೀರಿನಿಂದ ಬಿಡಿಸಬಹುದು.

ಮೆರುಗಿನ ಬಗ್ಗೆಯೂ ಒಂದು ಮಾತು. ಅಂತಹ ಗಿಟಾರುಗಳಿಗೆ ಸಾಮಾನ್ಯವಾಗಿ ಅರಗಿನ ಫ್ರೆಂಚ್ ಪಾಲಿಶ್ ಇರುತ್ತದೆ, ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅದೇ ಅರಗು. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೆ ಅದು ಕರಗಿ ಹಿಡಿದುಕೊಳ್ಳುತ್ತದೆ, ಗಿಟಾರಿಗೆ ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ವಾರಗಟ್ಟಲೆ ತೆಳುತೆಳುವಾಗಿ ಉಜ್ಜುತ್ತಾರೆ. ಅದು ಹಲಗೆಗೆ ಭಾರವಾಗುವುದಿಲ್ಲ, ಆದರೆ ಬೆವರಿಗೂ ಸ್ಪಿರಿಟ್ಟಿಗೂ ಸೋಲುತ್ತದೆ. ಆದ್ದರಿಂದ ಸ್ಯಾನಿಟೈಸರ್ ಹಚ್ಚಿದ ಕೈಯಿಂದ ಅದನ್ನು ಮುಟ್ಟಬಾರದು ಎಂದು ಗುರುಗಳಿಗೆ ತಿಳಿಸಿ.


ಆರುತಂತಿ

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ. ಸ್ಪಂಜು, ಡಬ್ಬಿ, ಮಾಪಕ ಎಲ್ಲವನ್ನೂ ಹೇಳಿದಂತೆಯೇ ಮಾಡಿದೆವು. ಹತ್ತನೆಯ ದಿನಕ್ಕೆ ಸೀಳಿನ ಮೇಲೆ ಉಗುರನ್ನು ಆಡಿಸಿದರೆ ತಡೆಯುತ್ತಿರಲಿಲ್ಲ, ದೀಪಕ್ಕೆ ಓರೆಯಾಗಿ ಹಿಡಿದರೆ ಮಾತ್ರ ಗೆರೆ ಕಾಣುತ್ತಿತ್ತು. ಗುರುಗಳು ಪರಿಚಯದ ಒಬ್ಬ ರಿಪೇರಿಯವರನ್ನು ಮನೆಗೇ ಕರೆಸಿದರು. ಅವರು ಸರೇಸು ಕಾಯಿಸಲು ಹಾಲಿನ ಪಾತ್ರೆಯನ್ನೇ ಕೇಳಿದ್ದರಿಂದ ಅಡುಗೆಮನೆಯಲ್ಲಿ ಸ್ವಲ್ಪ ವಾದವಾಯಿತು. ಒಳಗೆ ಮೂರು ತುಂಡುಗಳನ್ನು ಕೂರಿಸುವಾಗ ಕನ್ನಡಿಯನ್ನು ನಾನೇ ಹಿಡಿದಿದ್ದೆ. ಮೂರನೆಯ ತುಂಡು ಏಳು ಪಟ್ಟಿಗಳ ನಡುವೆ ಬಹಳ ಇಕ್ಕಟ್ಟಾದ ಕಡೆ ಬಂದಿತ್ತು, ಎರಡು ಬೆರಳು ಮಾತ್ರ ಅಲ್ಲಿಗೆ ತಲುಪುತ್ತಿತ್ತು. ಕಣ್ಣಿಗೆ ಏನೂ ಕಾಣದಿದ್ದರೂ ರಿಪೇರಿಯವರು ಬೆರಳಾಡಿಸಿ, ಪಟ್ಟಿಯೊಂದು ತುದಿಯ ಕಡೆಗೆ ತೆಳುವಾಗುತ್ತಾ ಹೋಗಿ ಹೆಚ್ಚುಕಡಿಮೆ ಇಲ್ಲವಾಗುವ ಜಾಗವನ್ನು ಗುರುತಿಸಿದರು. ಇಲ್ಲಿಯವರೆಗೆ ಕೀಸಿ ಇಲ್ಲಿ ನಿಲ್ಲಿಸಿದ್ದಾರೆ ನೋಡಿ ಎಂದು ನನ್ನ ಬೆರಳನ್ನೂ ಅಲ್ಲಿಗೆ ಮುಟ್ಟಿಸಿದರು.

ತಂತಿಗಳನ್ನು ಇನ್ನೂ ಪೂರ್ತಿ ಬಿಗಿಮಾಡಿಲ್ಲ. ದಿನಕ್ಕೆ ಅರ್ಧ ಸ್ವರದಷ್ಟು ಮಾತ್ರ ಏರಿಸಬೇಕೆಂದು ಹೇಳಿದ್ದಾರೆ.